ರಾಜಧಾನಿಯ ಹೊಳೆ ಮತ್ತು ನೀರುನಾಯಿ: ತುಂಗಭದ್ರಾ ತೀರದ ಒಂದು ಚಾರಿತ್ರಿಕ ಅವಲೋಕನ

ನಗರಗಳ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ನದಿಗೆ ಸಾಮಾನ್ಯವಾಗಿ ದೊರೆಯುವುದು ಹಿನ್ನೆಲೆಯ ಸ್ಥಾನ. ಕೋಟೆಗೆ ಕಾವಲಾಗಿ, ಹೊಲಗದ್ದೆಗಳಿಗೆ ನೀರಾಗಿ, ದೇವಾಲಯಕ್ಕೆ ತೀರ್ಥವಾಗಿ ನದಿಯನ್ನು ಒಂದೆರಡು ವಾಕ್ಯಗಳಲ್ಲಿ ವಿವರಿಸಿ ಚರಿತ್ರಕಾರರು ಅರಸರ ಕಡೆಗೆ, ಯುದ್ಧಗಳ ಕಡೆಗೆ, ಕಟ್ಟಡಗಳ ಕಡೆಗೆ ಸಾಗುತ್ತಾರೆ. ನದಿಯೊಳಗೆ ಬಾಳುವ ಜೀವಿಗಳೂ, ಅವುಗಳೊಡನೆ ದಿನನಿತ್ಯ ವ್ಯವಹರಿಸುವ ಮೀನುಗಾರರೂ ಅಂಬಿಗರೂ ಈ ಬರವಣಿಗೆಯ ಅಂಚಿನಲ್ಲಿಯೇ ಉಳಿದಿದ್ದಾರೆ. ವಿಜಯನಗರದ ರಾಜಧಾನಿಯಾಗಿದ್ದ ಹಂಪಿಯ ವಿಷಯದಲ್ಲಿ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಅಲ್ಲಿಯ ಕಲ್ಲುಗಳ ಬಗ್ಗೆ ನೂರಾರು ಪುಟಗಳ ಸಾಹಿತ್ಯವಿದೆ. ಆ ಕಲ್ಲುಗಳ ನಡುವೆ ಹರಿಯುವ ಹೊಳೆಯಲ್ಲಿ ಇಂದಿಗೂ ಗುಂಪುಗುಂಪಾಗಿ ಈಜುವ ನೀರುನಾಯಿಯ ಬಗ್ಗೆ ಚರಿತ್ರೆಯ ಪುಟಗಳಲ್ಲಿ ಸಿಗುವುದು ಅತ್ಯಲ್ಪ.

2015ರಲ್ಲಿ ಕರ್ನಾಟಕ ಸರ್ಕಾರವು ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಉದ್ದದ ತುಂಗಭದ್ರಾ ಪಾತ್ರವನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲಾದ ದೇಶದ ಮೊದಲ ಪ್ರದೇಶ ಇದು. ಹಂಪಿ ಮತ್ತು ಆನೆಗೊಂದಿಗಳು ಈ ಪಾತ್ರದ ಎರಡು ದಡಗಳಲ್ಲಿವೆ. ಹೊಸಪೇಟೆಯಂಥ, 2011ರ ಜನಗಣತಿಯಂತೆ 2 ಲಕ್ಷಕ್ಕೂ ಹೆಚ್ಚು ಜನವಸತಿಯುಳ್ಳ ನಗರವೂ ಸಮೀಪದಲ್ಲಿದೆ. ಒಂದು ಮಹಾನಗರವು ಹುಟ್ಟಿ, ಬೆಳೆದು, ಹಾಳಾದ ಜಾಗದಲ್ಲಿಯೇ ಈ ಪ್ರಾಣಿ ಉಳಿದುಬಂದುದು ಹೇಗೆ, ಅದರ ಅರಿವು ಯಾರಲ್ಲಿದೆ, ಆ ಅರಿವಿನ ಮುಂದಿನ ಗತಿಯೇನು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಜಾನಪದ ಮತ್ತು ಚರಿತ್ರೆಗಳ ನೆಲೆಯಿಂದ ಪರಿಶೀಲಿಸಲಾಗಿದೆ.

ಹೆಸರಿನ ಜಾಡು

ಜನಪದರ ಪ್ರಾಣಿಜ್ಞಾನವನ್ನು ತಿಳಿಯಲು ಅವರು ಇಟ್ಟ ಹೆಸರುಗಳೇ ಮೊದಲ ಆಕರ. ಕನ್ನಡದಲ್ಲಿ ನೀರುಕೋಳಿ, ನೀರುಕಾಗೆ, ನೀರುಹಾವು, ನೀರುನಾಯಿ ಎಂಬ ಹೆಸರುಗಳ ಒಂದು ಸಾಲೇ ಇದೆ. ನೆಲದ ಮೇಲೆ ಕಂಡು ಬಲ್ಲ ಪ್ರಾಣಿಗೆ ನೀರಿನಲ್ಲಿಯೂ ಒಂದು ಪ್ರತಿರೂಪವಿದೆಯೆಂಬ ತಿಳಿವಳಿಕೆ ಈ ಪದರಚನೆಯ ಹಿಂದಿದೆ. ಊರಿಗೆ ಕೋಳಿ, ಕಾಗೆ, ನಾಯಿಗಳಿರುವಂತೆ ಹೊಳೆಗೂ ಅದರದೇ ಕೋಳಿ, ಕಾಗೆ, ನಾಯಿಗಳಿವೆ. ಹೀಗೆ ಹೊಳೆಯು ಜನಪದರ ದೃಷ್ಟಿಯಲ್ಲಿ ಇನ್ನೊಂದು ಊರಾಗಿ ತೋರುತ್ತದೆ.

ತಮಿಳು ಮತ್ತು ಮಲಯಾಳಂಗಳಲ್ಲಿ ಇದೇ ಅರ್ಥದ, ಇದೇ ರಚನೆಯ ಹೆಸರುಗಳಿವೆ. ತೆಲುಗಿನಲ್ಲಿಯೂ ‘ನೀಟಿಕುಕ್ಕ’ ಎಂದರೆ ನೀರಿನ ನಾಯಿಯೇ. ಆದರೆ ಮರಾಠಿಗರು ಇದೇ ಪ್ರಾಣಿಯನ್ನು ‘ಪಾಣಮಾಂಜರ’ ಎಂದು, ಅಂದರೆ ನೀರಬೆಕ್ಕು ಎಂದು ಕರೆದರು. ಹಿಂದಿಯ ‘ಊದ್‌ಬಿಲಾವ್’ ಎಂಬಲ್ಲಿಯೂ ಬೆಕ್ಕೇ ಇದೆ. ಸಂಸ್ಕೃತದಲ್ಲಿ ‘ಜಲಮಾರ್ಜಾರ’ ಎಂಬುದರ ಜೊತೆಗೆ ನೀರಿನ ಮುಂಗುಸಿ ಎಂಬರ್ಥದ ‘ಜಲನಕುಲ’ ಎಂಬ ಹೆಸರೂ ಬಳಕೆಯಲ್ಲಿದೆ. ಸಂಸ್ಕೃತದ ಮತ್ತೊಂದು ಪದವಾದ ‘ಉದ್ರ’ ಎಂಬುದು ನೀರು ಎಂಬರ್ಥದ ಧಾತುವಿನಿಂದ ಬಂದಿದ್ದು, ಇಂಗ್ಲಿಷಿನ ‘ಆಟರ್’ ಮತ್ತು ರಷ್ಯನ್ ಭಾಷೆಯ ‘ವೀದ್ರ’ ಪದಗಳಿಗೆ ಜ್ಞಾತಿಯಾಗಿದೆ. ಹೀಗೆ ದ್ರಾವಿಡ ಭಾಷಿಕರಿಗೆ ನಾಯಿಯಾಗಿ, ಉತ್ತರದವರಿಗೆ ಬೆಕ್ಕಾಗಿ, ಪಂಡಿತರಿಗೆ ಮುಂಗುಸಿಯಾಗಿ ಒಂದೇ ಪ್ರಾಣಿ ತೋರಿದೆ.

ಪ್ರಾಣಿಶಾಸ್ತ್ರದ ಪ್ರಕಾರ ನೀರುನಾಯಿ ಈ ಮೂರರ ಕುಟುಂಬಕ್ಕೂ ಸೇರಿದುದಲ್ಲ. ಅದು ತರಕರಡಿಯ ಸಂಬಂಧಿಯಾಗಿ ಮುಸ್ಟೆಲಿಡೇ ಎಂಬ ಕುಟುಂಬಕ್ಕೆ ಸೇರುತ್ತದೆ. ಹಾಗೆಂದು ಜನಪದರ ಹೆಸರು ತಪ್ಪೆಂದು ಭಾವಿಸಬೇಕಾಗಿಲ್ಲ. ಗುಂಪಾಗಿ ಬಾಳುವುದು, ಒಟ್ಟಾಗಿ ಬೇಟೆಯಾಡುವುದು, ಗಡಿಯನ್ನು ವಾಸನೆಯಿಂದ ಗುರುತಿಸುವುದು, ಅಪರಿಚಿತರನ್ನು ಕಂಡಾಗ ತಲೆಯೆತ್ತಿ ಸದ್ದು ಮಾಡುವುದು, ಇವೆಲ್ಲವೂ ನಾಯಿಯ ನಡವಳಿಕೆಯನ್ನು ನೆನಪಿಗೆ ತರುವಂಥವು. ದೇಹರಚನೆಗಿಂತ ನಡವಳಿಕೆಯನ್ನು ಆಧರಿಸಿ ಹೆಸರಿಡುವುದು ಜನಪದ ವರ್ಗೀಕರಣದ ಒಂದು ಮುಖ್ಯ ಲಕ್ಷಣವೆಂಬುದನ್ನು ಇಲ್ಲಿ ಗಮನಿಸಬಹುದು.

ಭಾರತದಲ್ಲಿ ಮೂರು ಜಾತಿಯ ನೀರುನಾಯಿಗಳಿವೆ. ತುಂಗಭದ್ರೆಯ ಬಯಲುಪ್ರದೇಶದಲ್ಲಿ ಕಾಣಸಿಗುವುದು ನುಣುಪು ತುಪ್ಪಳದ ದೊಡ್ಡ ಜಾತಿ. ಇದರ ತೂಕ ಸಾಮಾನ್ಯವಾಗಿ 7ರಿಂದ 11 ಕಿಲೋಗ್ರಾಂ. ಚಿಕ್ಕ ಉಗುರಿನ ಕಿರುಜಾತಿಯು ಮುಖ್ಯವಾಗಿ ಪಶ್ಚಿಮಘಟ್ಟದ ತೊರೆಗಳಲ್ಲಿದ್ದು ಏಡಿಗಳನ್ನು ಹೆಚ್ಚಾಗಿ ತಿನ್ನುತ್ತದೆ. ಮೂರನೆಯದು ಯುರೇಷಿಯಾದ ಜಾತಿ. ಪ್ರಸ್ತುತ ಚರ್ಚೆ ಮೊದಲನೆಯದಕ್ಕೆ ಸೀಮಿತ.

ಕತೆಯೊಳಗಿನ ನೀರುನಾಯಿ

ಭಾರತೀಯ ಮೂರ್ತಿಶಿಲ್ಪದಲ್ಲಿ ನೀರಿನ ಪ್ರಾಣಿಗಳಿಗೆ ಕೊರತೆಯಿಲ್ಲ. ಮೀನು ಮತ್ತು ಆಮೆಗಳು ಅವತಾರಗಳ ಮೂಲಕ ಪೂಜ್ಯವಾದವು. ಮೊಸಳೆಯು ಮಕರವಾಗಿ ಗಂಗೆಯ ವಾಹನವಾಯಿತು, ದೇವಾಲಯದ ತೋರಣವೂ ಆಯಿತು. ನೀರುನಾಯಿಗೆ ಇಂಥ ಪ್ರಮುಖ ಧಾರ್ಮಿಕ ಸ್ಥಾನ ದೊರೆಯಲಿಲ್ಲ. ಅದು ದೊರೆತದ್ದು ಕತೆಯಲ್ಲಿ.

ಪಾಲಿ ಜಾತಕಗಳ ಪೈಕಿ ದಬ್ಭಪುಪ್ಫ ಜಾತಕವು ಈ ದೃಷ್ಟಿಯಿಂದ ಮುಖ್ಯವಾದುದು. ಗಂಭೀರಚಾರಿ ಮತ್ತು ಅನುತೀರಚಾರಿ ಎಂಬ ಎರಡು ನೀರುನಾಯಿಗಳು ಸೇರಿ ದೊಡ್ಡದೊಂದು ರೋಹಿತ ಮೀನನ್ನು ದಡಕ್ಕೆ ಎಳೆಯುತ್ತವೆ. ಹಂಚಿಕೊಳ್ಳುವಲ್ಲಿ ಜಗಳವಾಗುತ್ತದೆ. ಆ ದಾರಿಯಲ್ಲಿ ಬಂದ ನರಿಯೊಂದನ್ನು ನ್ಯಾಯ ಹೇಳೆಂದು ಕೇಳುತ್ತವೆ. ನರಿಯು ಬಾಲವನ್ನು ಒಂದಕ್ಕೂ ತಲೆಯನ್ನು ಇನ್ನೊಂದಕ್ಕೂ ಕೊಟ್ಟು, ನಡುವಿನ ಭಾಗವನ್ನು ತೀರ್ಪಿನ ಸಂಭಾವನೆಯೆಂದು ತನ್ನ ಹೆಂಡತಿಗಾಗಿ ಒಯ್ಯುತ್ತದೆ. ಕ್ರಿಸ್ತಪೂರ್ವ 2ನೆಯ ಶತಮಾನದ ಭರ್ಹುತ್ ಸ್ತೂಪದ ಶಿಲ್ಪಗಳಲ್ಲಿ ಈ ಕತೆಯ ಚಿತ್ರಣವಿದ್ದು, ಅದರ ಮೇಲಿನ ಬ್ರಾಹ್ಮೀ ಬರಹವು ಅದನ್ನು ನೀರುನಾಯಿಯ ಜಾತಕವೆಂದೇ ಹೆಸರಿಸುತ್ತದೆ. ಬೆಣ್ಣೆಗಾಗಿ ಜಗಳವಾಡಿದ ಎರಡು ಬೆಕ್ಕುಗಳು ಮತ್ತು ತಕ್ಕಡಿ ಹಿಡಿದ ಕೋತಿಯ ಕತೆಯನ್ನು ಕೇಳದ ಕನ್ನಡದ ಮಕ್ಕಳಿಲ್ಲ. ಅದೇ ಆಶಯದ ಹಳೆಯದೊಂದು ರೂಪವನ್ನು ಇಲ್ಲಿ ಕಾಣುತ್ತೇವೆ.

ಕತೆಯ ನೀತಿಗಿಂತ ಅದರೊಳಗಿನ ವಿವರಗಳು ಪ್ರಸ್ತುತ ವಿಷಯಕ್ಕೆ ಹೆಚ್ಚು ಉಪಯುಕ್ತ. ಗಂಭೀರಚಾರಿ ಎಂದರೆ ಆಳದಲ್ಲಿ ಚಲಿಸುವುದು, ಅನುತೀರಚಾರಿ ಎಂದರೆ ದಡದ ಗುಂಟ ಚಲಿಸುವುದು. ಕೆಲವು ಪ್ರಾಣಿಗಳು ಆಳದಿಂದ ಮೀನನ್ನು ಅಟ್ಟುವುದು, ಉಳಿದವು ದಡದ ಬಳಿ ಹಿಡಿಯುವುದು ದೊಡ್ಡ ಜಾತಿಯ ನೀರುನಾಯಿಗಳ ಬೇಟೆಯ ಕ್ರಮವೆಂದು ಇಂದಿನ ಪ್ರಾಣಿಶಾಸ್ತ್ರಜ್ಞರೂ ವಿವರಿಸುತ್ತಾರೆ. ಈ ಹೆಸರುಗಳನ್ನು ಇಟ್ಟವರು ನದಿಯ ದಡದಲ್ಲಿ ಕಾದು ಕುಳಿತು ನೋಡಿದ್ದವರೇ ಇರಬೇಕು.

ಸಸ ಜಾತಕದಲ್ಲಿ ನೀರುನಾಯಿಯು ಮೊಲದ ಗೆಳೆಯರಲ್ಲಿ ಒಂದು. ಬೆಸ್ತನೊಬ್ಬನು ಹಿಡಿದು ಮರಳಿನಲ್ಲಿ ಹೂತಿಟ್ಟಿದ್ದ ಏಳು ಮೀನುಗಳನ್ನು ಅದು ವಾಸನೆಯಿಂದ ಕಂಡುಹಿಡಿಯುತ್ತದೆ. ಇವಕ್ಕೆ ಒಡೆಯರುಂಟೇ ಎಂದು ಮೂರು ಬಾರಿ ಕೂಗಿ, ಯಾರೂ ಬಾರದಿದ್ದಾಗ ಒಯ್ಯುತ್ತದೆ. ಮೀನುಗಾರನ ಪಾಲಿನಲ್ಲಿ ನೀರುನಾಯಿ ಕೈಹಾಕುವ, ಬಲೆಯ ಮೀನಿನ ಒಡೆತನ ಯಾರದು ಎಂಬ ಇಂದಿನ ವಿವಾದದ ಬೀಜವು ಈ ಪ್ರಾಚೀನ ಕತೆಯಲ್ಲಿಯೇ ಇದೆ.

ಈ ವಿವಾದವು ಎಲ್ಲೆಡೆ ವೈರವಾಗಿಯೇ ಬೆಳೆಯಲಿಲ್ಲ. ಬಂಗಾಳದಲ್ಲಿ ಅದು ಸಹಕಾರದ ರೂಪವನ್ನೂ ತಾಳಿತು. ಬಿಷಪ್ ಹೀಬರನು 1824ರಲ್ಲಿ ಬಂಗಾಳದ ನದಿಯೊಂದರ ದಡದಲ್ಲಿ ಹುಲ್ಲಿನ ಕೊರಳಪಟ್ಟಿ ಹಾಕಿ, ಬಿದಿರಿನ ಗೂಟಗಳಿಗೆ ಕಟ್ಟಿದ್ದ ನೀರುನಾಯಿಗಳ ಸಾಲನ್ನು ಕಂಡುದಾಗಿ ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಅವು ಮೀನುಗಳನ್ನು ಬಲೆಯತ್ತ ಅಟ್ಟಲು ಪಳಗಿಸಿದ ಪ್ರಾಣಿಗಳು. ಇಂದಿನ ಬಾಂಗ್ಲಾದೇಶದ ನರೈಲ್ ಪ್ರದೇಶದಲ್ಲಿ ಈ ವೃತ್ತಿಯು 21ನೆಯ ಶತಮಾನದವರೆಗೂ ಉಳಿದುಬಂದಿತು.

ರಾಜಧಾನಿ ಮತ್ತು ಹೊಳೆ

ತುಂಗಾ ಮತ್ತು ಭದ್ರಾ ನದಿಗಳು ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಸಂಗಮಿಸಿ ತುಂಗಭದ್ರೆಯಾಗುತ್ತವೆ. ಬಯಲಿನಲ್ಲಿ ಸಾವಧಾನವಾಗಿ ಹರಿಯುವ ಈ ನದಿಯು ಹಂಪಿಯ ಬಳಿ ಕಣಶಿಲೆಯ ಬೆಟ್ಟಗಳ ನಡುವೆ ನುಗ್ಗಿ ಹಲವು ಸೀಳುಗಳಾಗಿ ಒಡೆಯುತ್ತದೆ. ಬಂಡೆಗಳು, ಅವುಗಳ ನಡುವಿನ ಮಡುಗಳು, ಜೊಂಡು ಬೆಳೆದ ಗಡ್ಡೆಗಳು ಇಲ್ಲಿಯ ನದೀಪಾತ್ರದ ವೈಶಿಷ್ಟ್ಯ. ವಿರೂಪಾಪುರಗಡ್ಡೆಯಂಥ ಸ್ಥಳನಾಮಗಳಲ್ಲಿ ಈ ಭೂಲಕ್ಷಣದ ನೆನಪು ಉಳಿದಿದೆ. ನದಿಯ ಪ್ರಾಚೀನ ಹೆಸರು ಪಂಪಾ; ವಿರೂಪಾಕ್ಷನ ಮಡದಿಯಾದ ಪಂಪಾದೇವಿಯು ಈ ನದಿಯದೇ ದೈವೀರೂಪವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅವರಿಬ್ಬರ ಕಲ್ಯಾಣೋತ್ಸವವು ಇಂದಿಗೂ ಹಂಪಿಯ ಮುಖ್ಯ ಆಚರಣೆಯಾಗಿದೆ.

1336ರಲ್ಲಿ ಸ್ಥಾಪನೆಗೊಂಡಿತೆಂದು ಸಂಪ್ರದಾಯವು ಹೇಳುವ ವಿಜಯನಗರವು ಈ ಒರಟು ನದಿಯನ್ನು ಕಾವಲಾಗಿ ಬಳಸಿಕೊಂಡಿತು. ಬಂಡೆಗಳ ನಡುವೆ ಸುಳಿಯುವ ಪ್ರವಾಹವನ್ನು ಸೈನ್ಯ ಸುಲಭವಾಗಿ ದಾಟಲಾರದು. ನದಿಯನ್ನು ನೇರಗೊಳಿಸಿ ದಂಡೆ ಕಟ್ಟುವ ಬದಲು ಅದರ ಒರಟುತನವನ್ನು ಹಾಗೆಯೇ ಉಳಿಸಿಕೊಳ್ಳುವುದು ರಾಜಧಾನಿಗೆ ಹಿತಕರವಾಗಿತ್ತು. ನೀರಾವರಿಗಾಗಿ ನದಿಗೆ ಅಡ್ಡಲಾಗಿ ಬಂಡೆಯಿಂದ ಬಂಡೆಗೆ ಕಲ್ಲಿನ ಒಡ್ಡುಗಳನ್ನು ಹಾಕಿ ಕಾಲುವೆಗಳನ್ನು ತೆಗೆಯಲಾಯಿತು. ಹಿಂದಿನ ಅರಸನೊಬ್ಬನು ನದಿಗೆ ಭಾರಿ ಬಂಡೆಗಳನ್ನು ಉರುಳಿಸಿ, ಆನೆಗಳಿಂದ ಎಳೆಸಿ ಒಡ್ಡು ಕಟ್ಟಿಸಿದ ವೃತ್ತಾಂತವನ್ನು 16ನೆಯ ಶತಮಾನದ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುತ್ತಾನೆ. ತುರುತು, ಬಸವಣ್ಣ, ರಾಯ ಮೊದಲಾದ ಹೆಸರಿನ ಕಾಲುವೆಗಳು ಇಂದಿಗೂ ಬಾಳೆ, ಕಬ್ಬು, ಭತ್ತದ ಗದ್ದೆಗಳಿಗೆ ನೀರುಣಿಸುತ್ತಿವೆ.

ನದಿಯನ್ನು ದಾಟುವ ಸಾಧನವೂ ಈ ಪಾತ್ರಕ್ಕೆ ತಕ್ಕುದಾಗಿತ್ತು. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಒಳಗೆ ಬೆತ್ತದ ಹೆಣಿಗೆಯೂ ಹೊರಗೆ ಚರ್ಮದ ಹೊದಿಕೆಯೂ ಇದ್ದ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ಆನೆಗೊಂದಿಗೆ ದಾಟುತ್ತಿದ್ದರೆಂದು ಬರೆದಿದ್ದಾನೆ. ಅವು ಸುತ್ತುತ್ತಲೇ ಸಾಗುತ್ತವೆಂಬುದನ್ನೂ ಅವನು ಗಮನಿಸಿದ್ದಾನೆ. ಹರಿಗೋಲು, ತೆಪ್ಪ, ಪುಟ್ಟಿ ಎಂಬ ಹೆಸರುಗಳಿಂದ ಇಂದಿಗೂ ಬಳಕೆಯಲ್ಲಿರುವ ದೋಣಿ ಇದೇ. ಪಾಯಸ್ ದೋಣಿಯನ್ನು ಇಷ್ಟು ವಿವರವಾಗಿ ಬಣ್ಣಿಸಿದರೂ ಹುಟ್ಟು ಹಾಕುತ್ತಿದ್ದವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಂಬಿಗರು ಮತ್ತು ಬೆಸ್ತರು ಅವನ ಬರವಣಿಗೆಯಲ್ಲಿ ಹೆಸರಿಲ್ಲದ ‘ಜನ’.

ಆದರೆ ತುಂಗಭದ್ರಾ ತೀರದಲ್ಲಿ ಅಂಬಿಗನ ದನಿ ಅದಕ್ಕಿಂತ ನಾಲ್ಕು ಶತಮಾನ ಮೊದಲೇ ಕೇಳಿಬಂದಿತ್ತು. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನು ಇದೇ ನದಿಯ ಮೇಲ್ಭಾಗದಲ್ಲಿರುವ, ಇಂದಿನ ಹಾವೇರಿ ಜಿಲ್ಲೆಯ ಚೌಡದಾನಪುರದೊಡನೆ ಸಂಬಂಧ ಹೊಂದಿದವನು. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆ ಮೀಸಲಾದ ಭಾಗವಿದೆ. ಮೀನುಗಳ ಜಾತಿ, ಅವು ವಾಸಿಸುವ ನೀರು, ಅವಕ್ಕೆ ಹಾಕಬೇಕಾದ ಆಹಾರ, ಗಾಳ ಹಾಕುವ ಕ್ರಮ ಇವೆಲ್ಲ ಅಲ್ಲಿ ನಿರೂಪಿತವಾಗಿವೆ. ಇಂಥ ಸೂಕ್ಷ್ಮ ವಿವರಗಳನ್ನು ಅರಮನೆಯ ಪಂಡಿತರು ನದಿಯ ಮೇಲೆ ಬಾಳುವವರಿಂದಲೇ ಪಡೆದಿರಬೇಕೆಂದು ಊಹಿಸುವುದು ಅಸಂಗತವಾಗದು. ಜ್ಞಾನವು ಗ್ರಂಥಸ್ಥವಾಯಿತು, ಜ್ಞಾನ ಕೊಟ್ಟವರು ಗ್ರಂಥದ ಹೊರಗುಳಿದರು.

1565ರ ರಕ್ಕಸತಂಗಡಿ ಯುದ್ಧದ ನಂತರ ರಾಜಧಾನಿ ಬರಿದಾಯಿತು. ಅರಮನೆ, ಪೇಟೆಗಳು ಕುಸಿದರೂ ಒಡ್ಡುಗಳು ಮತ್ತು ಕಾಲುವೆಗಳು ಕೆಲಸ ನಿಲ್ಲಿಸಲಿಲ್ಲ. ಒಡ್ಡಿನ ಹಿಂದೆ ನಿಂತ ನೀರು, ಕದಲಿಸದ ಬಂಡೆಗಳ ಪೊಟರೆಗಳು, ಜನಸಂಚಾರವಿಲ್ಲದ ಗಡ್ಡೆಗಳು ಮೀನಿಗೂ ಮೀನನ್ನು ಅವಲಂಬಿಸಿದ ಪ್ರಾಣಿಗಳಿಗೂ ನೆಲೆಯಾದವು. ವಿಜಯನಗರದ ಅರಸರು ನೀರುನಾಯಿಗಾಗಿ ಏನನ್ನೂ ಕಟ್ಟಲಿಲ್ಲ. ಆದರೂ ಅವರು ನದಿಯನ್ನು ಬಳಸಿದ ಕ್ರಮವು ಅದರ ನೆಲೆಗಳನ್ನು ಅಳಿಸಲಿಲ್ಲವೆನ್ನಬಹುದು.

ಶ್ರೀರಂಗಪಟ್ಟಣದ ನಿದರ್ಶನ

ಇದು ಹಂಪಿಯೊಂದರದೇ ಅನುಭವವಲ್ಲವೆಂಬುದಕ್ಕೆ ಕಾವೇರಿಯ ದಡದಲ್ಲಿ ಸಾಕ್ಷ್ಯವಿದೆ. 1799ರವರೆಗೆ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣವು ನದಿಯ ಸೀಳುಗಳ ನಡುವಿನ ದ್ವೀಪನಗರ. ಅದರ ಸಮೀಪದಲ್ಲಿ 1645ರಿಂದ 1648ರ ಅವಧಿಯಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಲಾದ ಒಡ್ಡಿನಿಂದಾಗಿ ಚಿಕ್ಕ ಚಿಕ್ಕ ನಡುಗಡ್ಡೆಗಳು ರೂಪುಗೊಂಡವು. ಆ ಗಡ್ಡೆಗಳಲ್ಲಿ ನೆಲೆಸಿದ ಪಕ್ಷಿಗಳ ಮಹತ್ತ್ವವನ್ನು ಸಲೀಂ ಅಲಿ ಅವರು ಗುರುತಿಸಿದ ಮೇಲೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಮೈಸೂರಿನಿಂದ ಅಷ್ಟೇನೂ ದೂರವಿಲ್ಲದ ಈ ತಾಣದಲ್ಲಿ ಕೊಕ್ಕರೆಗಳ ಜೊತೆಗೆ ಮೊಸಳೆ ಮತ್ತು ನೀರುನಾಯಿಗಳೂ ಇವೆ. ಎರಡು ರಾಜಧಾನಿಗಳು, ಎರಡು ನದಿಗಳು. ಎರಡೂ ಕಡೆ ಹಳೆಯ ಕಲ್ಲಿನ ಒಡ್ಡು ಮತ್ತು ಗಡ್ಡೆಗಳಿರುವಲ್ಲಿಯೇ ನೀರುನಾಯಿ ಉಳಿದಿದೆ.

ಕಾಣುವ ಬಗೆ

ನೀರುನಾಯಿಯನ್ನು ಕಾಣುವುದು ಸುಲಭವಲ್ಲ. ಬೆಳಗಿನ ಜಾವ ಮತ್ತು ಸಂಜೆ ಅದು ಹೆಚ್ಚು ಚುರುಕಾಗಿರುತ್ತದೆ. ನೀರಿನ ಮೇಲೆ ಚಪ್ಪಟೆಯಾದ ತಲೆಯೊಂದು ಸಾಗುವುದು, ಅದರ ಹಿಂದೆ ಸಾಲಾಗಿ ಇನ್ನಷ್ಟು ತಲೆಗಳು ಏಳುವುದು, ಮರುಕ್ಷಣದಲ್ಲಿ ಎಲ್ಲವೂ ಮುಳುಗುವುದು, ಹೊಸಬರಿಗೆ ಇಷ್ಟೇ ಕಾಣುತ್ತದೆ. ಬಲ್ಲವರು ಪ್ರಾಣಿಯನ್ನು ಹುಡುಕುವ ಮೊದಲು ಅದರ ಗುರುತನ್ನು ಹುಡುಕುತ್ತಾರೆ. ನೀರಿನಂಚಿನ ಎತ್ತರದ ಬಂಡೆಗಳ ಮೇಲೆ ಅದು ಪದೇ ಪದೇ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಅದರಲ್ಲಿ ಮೀನಿನ ಹುರುಪೆ ಮತ್ತು ಮುಳ್ಳುಗಳಿರುತ್ತವೆ. ವಾಸನೆ ದೂರಕ್ಕೆ ಬಡಿಯುತ್ತದೆ. ಒದ್ದೆ ಮರಳಿನಲ್ಲಿ ಐದು ಬೆರಳಿನ, ಬೆರಳುಗಳ ನಡುವೆ ತೊಗಲಿನ ಗುರುತುಳ್ಳ ಹೆಜ್ಜೆಗಳು ಮೂಡಿರುತ್ತವೆ. ಈಜಿ ಬಂದ ಮೇಲೆ ಮೈ ಒಣಗಿಸಲು ಮರಳಿನಲ್ಲಿ ಉರುಳಾಡಿದ ಜಾಡೂ ಇರುತ್ತದೆ. ಮಳೆಗಾಲದ ಪ್ರವಾಹ ಇಳಿದ ಮೇಲೆ ಮರಿಗಳ ಕಾಲ ಬರುತ್ತದೆ. ಸುಮಾರು ಎರಡು ತಿಂಗಳ ಗರ್ಭಧಾರಣೆಯ ನಂತರ ಹುಟ್ಟುವ ಮರಿಗಳನ್ನು ಬಂಡೆಯ ಪೊಟರೆಯಲ್ಲಿ ಇಲ್ಲವೇ ದಡದ ಬಿಲದಲ್ಲಿ ಇಡೀ ಕುಟುಂಬವೇ ಸಾಕುತ್ತದೆ.

ಅದೇ ಬಂಡೆಗಳ ಮೇಲೆ ರೆಕ್ಕೆ ಹರಡಿ ಒಣಗಿಸುವ ನೀರುಕಾಗೆ, ಬಿಸಿಲು ಕಾಯುವ ಮೊಸಳೆ, ತಲೆ ಮಾತ್ರ ಹೊರಗಿಡುವ ಮೆದುಚಿಪ್ಪಿನ ಆಮೆ, ಬೇಸಿಗೆಯಲ್ಲಿ ತೆರೆದ ಮರಳುದಿಬ್ಬದ ಮೇಲೆ ಮೊಟ್ಟೆಯಿಡುವ ರೀವ ಪಕ್ಷಿ ಇವೆಲ್ಲವೂ ಒಂದೇ ನೋಟದಲ್ಲಿ ಸಿಗುವ ಸಂಗಾತಿಗಳು. ನೀರುನಾಯಿ ಇದೆಯೆಂದರೆ ಮೀನು ಸಾಕಷ್ಟಿದೆ, ಆಳವಾದ ಮಡು ಬತ್ತಿಲ್ಲ, ದಡದಲ್ಲಿ ಮರೆ ಉಳಿದಿದೆ ಎಂದು ಅರ್ಥ. ಜೀವಶಾಸ್ತ್ರಜ್ಞರು ಇದನ್ನು ನದಿಯ ಆರೋಗ್ಯದ ಸೂಚಕಪ್ರಾಣಿ ಎನ್ನುತ್ತಾರೆ.

ಈ ಗುರುತುಗಳನ್ನು ಓದುವ ವಿದ್ಯೆಯು ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದುದಲ್ಲ. ಯಾವ ಮಡುವಿನಲ್ಲಿ ಮೀನು ನಿಂತಿದೆ, ಬೀಸುಬಲೆಯನ್ನು ಎಲ್ಲಿ ಎಸೆಯಬೇಕು, ಯಾವ ಬಂಡೆಯ ಬದಿಯಲ್ಲಿ ಹರಿಗೋಲು ನಿಲ್ಲಿಸಬಾರದು ಎಂಬುದನ್ನು ಅರಿಯಬೇಕಾದವನಿಗೆ ನೀರುನಾಯಿಯ ಚಲನವಲನವೂ ತಿಳಿದಿರಲೇಬೇಕು. ಅದು ಅವನ ಪ್ರತಿಸ್ಪರ್ಧಿ. ನಿಲುವು ಬಲೆಗೆ ಸಿಕ್ಕ ಮೀನನ್ನು ಎಳೆದು ತಿನ್ನುವಾಗ ಅದು ಬಲೆಯನ್ನೂ ಹರಿಯುತ್ತದೆ. ಒಂದು ಬಲೆ ಹರಿದರೆ ಹಲವು ದಿನಗಳ ಸಂಪಾದನೆ ಹೋಯಿತೆಂದೇ ಲೆಕ್ಕ. ಆದ್ದರಿಂದ ಮೀನುಗಾರನ ಅರಿವಿನಲ್ಲಿ ಮೆಚ್ಚುಗೆಯ ಜೊತೆಗೆ ಸಿಟ್ಟೂ ಬೆರೆತಿದೆ. ಸಂರಕ್ಷಣೆಯ ಬರಹಗಳು ಈ ಸಿಟ್ಟನ್ನು ಅಜ್ಞಾನವೆಂದು ಭಾವಿಸುವುದುಂಟು. ಅದು ನಷ್ಟದಿಂದ ಹುಟ್ಟಿದ ಜ್ಞಾನವೆಂಬುದನ್ನು ಮರೆಯಲಾಗದು.

ಅಣೆಕಟ್ಟಿನ ನಂತರ

1945ರಲ್ಲಿ ಆರಂಭವಾಗಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ನದಿಯ ಸ್ವಭಾವವನ್ನೇ ಬದಲಿಸಿತು. ಹಳೆಯ ಒಡ್ಡುಗಳು ನೀರನ್ನು ತಡೆದು ಮೇಲಿನಿಂದ ಹರಿಯಬಿಡುತ್ತಿದ್ದವು. 33 ಬಾಗಿಲುಗಳ ಹೊಸ ಅಣೆಕಟ್ಟು ನದಿಯ ಹರಿವನ್ನು ಮನುಷ್ಯನ ಲೆಕ್ಕಾಚಾರಕ್ಕೆ ಒಳಪಡಿಸಿತು. ಈಗ ಕೆಳಭಾಗದ ನದಿ ಮಳೆಗಾಲದಲ್ಲಿ ಒಮ್ಮೆಲೇ ಉಕ್ಕುತ್ತದೆ, ಬೇಸಿಗೆಯಲ್ಲಿ ಮಡುಗಳಿಗೆ ಕುಗ್ಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲು ಕೊಚ್ಚಿಹೋದಾಗ, ಈ ವ್ಯವಸ್ಥೆ ಎಷ್ಟು ಸೂಕ್ಷ್ಮವಾದುದೆಂಬುದು ಎಲ್ಲರಿಗೂ ತಿಳಿಯಿತು.

ನೀರಿನ ಪ್ರಮಾಣದಂತೆ ಅದರ ಗುಣವೂ ಕೆಟ್ಟಿತು. 1980ರ ದಶಕದಲ್ಲಿ ಹರಿಹರದ ಕೆಳಗಿನ ನದೀಪಾತ್ರದಲ್ಲಿ ಕೈಗಾರಿಕಾ ತ್ಯಾಜ್ಯದಿಂದ ಮೀನುಗಳು ಸತ್ತಾಗ ದಡದ ಹಳ್ಳಿಗಳ ಜನ ಸಂಘಟಿತರಾಗಿ ಹೋರಾಡಿದರು. ಪಟ್ಟಣಗಳ ಚರಂಡಿ ನೀರು, ಗದ್ದೆಗಳಿಂದ ಇಳಿದುಬರುವ ಕೀಟನಾಶಕ, ಮರಳು ಸಾಗಣೆ, ಸಿಡಿಮದ್ದು ಹಾಕಿ ಮೀನು ಹಿಡಿಯುವ ದುಷ್ಟ ಪದ್ಧತಿ ಇವೆಲ್ಲ ಸೇರಿ ನದಿಯನ್ನು ಬಡವಾಗಿಸಿದವು. ಸಿಡಿಮದ್ದಿನಿಂದ ಹಾನಿಗೊಳಗಾಗುವವರಲ್ಲಿ ಬಲೆಯನ್ನೇ ನಂಬಿದ ಮೀನುಗಾರನೂ ಒಬ್ಬ. ಮರಿಮೀನು ಸತ್ತ ಮಡುವಿನಲ್ಲಿ ಮರುವರ್ಷ ಅವನಿಗೂ ಮೀನಿಲ್ಲ, ನೀರುನಾಯಿಗೂ ಇಲ್ಲ.

ಇದೇ ಅವಧಿಯಲ್ಲಿ ಈ ಪ್ರದೇಶಕ್ಕೆ ಎರಡು ಬಗೆಯ ರಕ್ಷಣೆ ದೊರೆಯಿತು. 1986ರಲ್ಲಿ ಹಂಪಿಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನದಿಗೆ ಅಡ್ಡಲಾಗಿ ಸೇತುವೆಗಳ ನಿರ್ಮಾಣಕ್ಕೆ ಕೈಹಾಕಿದ್ದರಿಂದ 1999ರಿಂದ 2006ರವರೆಗೆ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ವಿರೂಪಾಪುರಗಡ್ಡೆಯ ಅನಧಿಕೃತ ವಸತಿಗೃಹಗಳನ್ನು ತೆರವುಗೊಳಿಸಲಾಯಿತು. ಇದು ಕಲ್ಲಿನ ರಕ್ಷಣೆ. 2015ರ ಮೀಸಲು ಪ್ರಾಣಿಯ ರಕ್ಷಣೆ. 2019ರಲ್ಲಿ ನೀರುನಾಯಿಯ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ಪಟ್ಟಿಗೂ ಈ ಜಾತಿ ಸೇರಿತು. ಸ್ಮಾರಕದ ಪಟ್ಟಿಯಲ್ಲಿ ನದಿಯು ದೃಶ್ಯವಾಗಿದೆ. ವನ್ಯಜೀವಿಯ ಪಟ್ಟಿಯಲ್ಲಿ ಅದು ಆವಾಸವಾಗಿದೆ. ಬದುಕಾಗಿ ನದಿಯನ್ನು ಕಂಡವರಿಗೆ ಎರಡರಲ್ಲಿಯೂ ಸ್ಪಷ್ಟವಾದ ಜಾಗವಿಲ್ಲ.

ಕಾನೂನಿನಲ್ಲಿ ಜಾಗವಿಲ್ಲವೆಂದಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯ ಮೂಲಕ ‘ಸಂರಕ್ಷಣಾ ಮೀಸಲು’ ಎಂಬ ಹೊಸ ವರ್ಗವು ಸೃಷ್ಟಿಯಾಯಿತು. ಅಭಯಾರಣ್ಯದಷ್ಟು ಕಟ್ಟುನಿಟ್ಟಿನ ನಿರ್ಬಂಧಗಳು ಇಲ್ಲಿಲ್ಲ. ಸ್ಥಳೀಯ ಸಮುದಾಯಗಳೊಡನೆ ಸಮಾಲೋಚಿಸಿ ಘೋಷಿಸಬೇಕು, ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳುಳ್ಳ ನಿರ್ವಹಣಾ ಸಮಿತಿಯಿರಬೇಕು ಎಂಬುದು ಅದರ ಆಶಯ. ಪಂಚಾಯಿತಿಯ ಪ್ರತಿನಿಧಿಗಳೆಲ್ಲ ಹೊಳೆಯ ಮೇಲೆ ಬಾಳುವವರಾಗಿರಬೇಕೆಂದಿಲ್ಲ. ಆ ಸಮಿತಿಯಲ್ಲಿ ಹುಟ್ಟು ಹಿಡಿದ ಕೈಗೂ ಸ್ಥಾನ ಸಿಕ್ಕಾಗಲೇ ಆ ಆಶಯ ಸಫಲವಾದೀತು.

ಬೇರೆ ನಗರಗಳ ಅನುಭವ

ಒಮ್ಮೆ ಕಳೆದುಕೊಂಡ ನೀರುನಾಯಿಯನ್ನು ಮರಳಿ ಪಡೆದ ನಗರಗಳಿವೆ. ಸಿಂಗಪುರದಲ್ಲಿರುವುದು ತುಂಗಭದ್ರೆಯ ಜಾತಿಯೇ. ನದಿಗಳ ಮಾಲಿನ್ಯದಿಂದಾಗಿ 1970ರ ದಶಕದ ಹೊತ್ತಿಗೆ ಅಲ್ಲಿ ಅದು ಕಾಣೆಯಾಗಿತ್ತು. 1977ರಿಂದ 1987ರವರೆಗೆ ಸಿಂಗಪುರ ನದಿ ಮತ್ತು ಕಲ್ಲಾಂಗ್ ಜಲಾನಯನವನ್ನು ಶುದ್ಧಗೊಳಿಸುವ ಬೃಹತ್ ಕಾರ್ಯ ನಡೆಯಿತು. 1998ರಲ್ಲಿ ದ್ವೀಪದ ಉತ್ತರ ಅಂಚಿನ ಜೌಗುಪ್ರದೇಶದಲ್ಲಿ ನೀರುನಾಯಿಗಳು ಮತ್ತೆ ಕಂಡವು. 2012ರಲ್ಲಿ ಬಿಶಾನ್ ಉದ್ಯಾನದಲ್ಲಿ ಕಾಂಕ್ರೀಟ್ ಕಾಲುವೆಯನ್ನು ಒಡೆದು ಹೊಳೆಗೆ ಸಹಜ ದಡವನ್ನು ಮರಳಿಸಿದರು. 2014ರಲ್ಲಿ ಅಲ್ಲಿಗೂ ಒಂದು ಕುಟುಂಬ ಬಂದು ನೆಲೆಸಿತು. ಇಂದು ನಗರವಾಸಿಗಳು ದಿನದ ನಡಿಗೆಯಲ್ಲಿ ಅವುಗಳನ್ನು ಕಾಣುತ್ತಾರೆ. ಮನೆಯ ಕೊಳದ ಅಲಂಕಾರದ ಮೀನುಗಳನ್ನು ಅವು ತಿಂದು ಹೋಗುವುದರಿಂದ ದೂರುಗಳೂ ಇವೆ. ಬಲೆ ಹರಿದ ಮೀನುಗಾರನ ದೂರು ಅಲ್ಲಿ ಬೇರೆ ವೇಷದಲ್ಲಿ ಮರುಕಳಿಸಿದೆ.

ಇಂಗ್ಲೆಂಡಿನಲ್ಲಿ 1950ರ ದಶಕದ ಕೊನೆಯಿಂದ ಡೀಲ್ಡ್ರಿನ್‌ನಂಥ ಕೀಟನಾಶಕಗಳಿಂದ ಯುರೇಷಿಯಾದ ನೀರುನಾಯಿ ಹೆಚ್ಚಿನ ನದಿಗಳಿಂದ ಅಳಿದುಹೋಯಿತು. ಆ ವಿಷಗಳ ನಿಯಂತ್ರಣ ಮತ್ತು 1978ರ ಕಾನೂನು ರಕ್ಷಣೆಯ ನಂತರ ನಿಧಾನವಾಗಿ ಚೇತರಿಸಿಕೊಂಡು 2011ರ ಹೊತ್ತಿಗೆ ಪ್ರತಿಯೊಂದು ಕೌಂಟಿಗೂ ಮರಳಿತು. ಈ ಎರಡು ನಿದರ್ಶನಗಳು ತಿಳಿಸುವಂತೆ ನೀರು ಶುದ್ಧವಾಗಿ, ಮೀನು ಹೆಚ್ಚಿ, ದಡದಲ್ಲಿ ಮರೆ ದೊರೆತರೆ ನಗರದ ಜನಸಂದಣಿಗೆ ನೀರುನಾಯಿ ಹೆದರುವುದಿಲ್ಲ. ಆದರೆ ಅಲ್ಲೆಲ್ಲ ಪ್ರಾಣಿ ಮರಳಿದಾಗ ಅದರೊಡನೆ ಬಾಳುವ ಬಗೆಯನ್ನು ಜನ ಹೊಸದಾಗಿ ಕಲಿಯಬೇಕಾಯಿತು. ತುಂಗಭದ್ರೆಯಲ್ಲಿ ಪ್ರಾಣಿಯೂ ಇದೆ, ಅದರೊಡನೆ ಬಾಳಿದವರೂ ಇದ್ದಾರೆ. ಈ ಎರಡನೆಯ ಸಂಪತ್ತು ಕಳೆದರೆ ಅದನ್ನು ಮರಳಿ ತರುವ ಯಾವ ಯೋಜನೆಯೂ ಇಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ನೀರುನಾಯಿ ರಾಜಧಾನಿಯ ಚರಿತ್ರೆಯ ಹೊರಗಿನ ವನ್ಯಪ್ರಾಣಿಯಲ್ಲ. ಒಡ್ಡು, ಕಾಲುವೆ, ಗಡ್ಡೆ, ಹರಿಗೋಲುಗಳ ಚರಿತ್ರೆಯೊಡನೆ ಅದರ ಉಳಿವು ಹೆಣೆದುಕೊಂಡಿದೆ. ಅದರ ಬಗೆಗಿನ ಹಳೆಯ ಮತ್ತು ಖಚಿತವಾದ ಅರಿವು ಹೆಸರುಗಳಲ್ಲಿ, ಕತೆಗಳಲ್ಲಿ, ಮೀನುಗಾರರ ವೃತ್ತಿಜ್ಞಾನದಲ್ಲಿ ಅಡಗಿದೆ. ಸ್ಮಾರಕ ಮತ್ತು ವನ್ಯಜೀವಿಗಳ ರಕ್ಷಣೆಯ ವ್ಯವಸ್ಥೆಗಳು ಈ ಅರಿವನ್ನು ಇನ್ನೂ ಬಳಸಿಕೊಳ್ಳಬೇಕಾಗಿದೆ.

ಜಾನಪದ ಅಧ್ಯಯನದ ಹೊಣೆ ಇಲ್ಲಿಯೇ ಇದೆ. ಹಾಡು, ಕತೆ, ಆಚರಣೆಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಮಡುಗಳ ಹೆಸರು, ಬಂಡೆಗಳ ಹೆಸರು, ಮೀನುಗಳ ಹೆಸರು, ಬಲೆಗಳ ಬಗೆ, ನೀರುನಾಯಿಯ ಗುರುತುಗಳನ್ನು ಓದುವ ಕ್ರಮ ಇವುಗಳನ್ನೂ ಊರಿಂದೂರಿಗೆ ದಾಖಲಿಸಬೇಕಾಗಿದೆ. ಅಂಬಿಗ ಮತ್ತು ಬೆಸ್ತ ಕುಟುಂಬಗಳ ಮುಂದಿನ ತಲೆಮಾರು ಹೊಳೆಯನ್ನು ಬಿಟ್ಟು ಬೇರೆ ಉದ್ಯೋಗಗಳತ್ತ ಹೋಗುತ್ತಿರುವುದರಿಂದ ಈ ಕೆಲಸಕ್ಕೆ ಹೆಚ್ಚು ಕಾಲಾವಕಾಶವಿಲ್ಲ. ಎರಡು ನೀರುನಾಯಿಗಳ ಜಗಳದಲ್ಲಿ ಮೀನಿನ ನಡುಭಾಗವು ಮೂರನೆಯವನ ಪಾಲಾಯಿತೆಂದು ಜಾತಕದ ಕತೆ ಹೇಳುತ್ತದೆ. ನೀರುನಾಯಿ ಮತ್ತು ಮೀನುಗಾರರನ್ನು ಪರಸ್ಪರ ಶತ್ರುಗಳೆಂದು ನಿಲ್ಲಿಸಿದಲ್ಲಿ ಮರಳು, ತ್ಯಾಜ್ಯ, ಸಿಡಿಮದ್ದುಗಳ ವ್ಯವಹಾರವು ನದಿಯ ನಡುಭಾಗವನ್ನು ಒಯ್ದೀತು. ಅಂಥ ತೀರ್ಪಿಗೆ ಎಡೆಗೊಡದಂತೆ ಈ ಇಬ್ಬರನ್ನೂ ಒಂದೇ ಹೊಳೆಯ ವಾರಸುದಾರರೆಂದು ಕಾಣುವುದು ಇಂದಿನ ಅಗತ್ಯವಾಗಿದೆ.